ಶಾಖ ಹಿಡಿಯದ ಕೋಣೆ

ನಮ್ಮ ಮಾವ ಸತ್ತ ಮೇಲೆ ಬಟ್ಟೆ ಒಣಗಿಸುವ ಕೋಣೆ ಬಿಸಿಯಾಗುವುದು ನಿಂತುಹೋಯಿತು. ಒಲೆ ಧಗಧಗ ಉರಿಯುತ್ತಿತ್ತು. ಒಳಗೆ ಹೋದರೆ ಕೋಣೆ ತಣ್ಣಗೆ, ಬಾವಿಯ ಒಳಗಿನ ಹಾಗೆ. ಯಾಕೆ ಅಂತ ಯಾರಿಗೂ ತಿಳಿಯಲಿಲ್ಲ. ತಿಳಿದಿದ್ದವರು ಮಣ್ಣಿಗೆ ಹೋಗಿದ್ದರು.

ನಮ್ಮದು ಬಟ್ಟೆ ಒಗೆಯುವ ಮನೆ. ಕುರುಬರಹಳ್ಳಿಯಲ್ಲಿ, ಊರು ಮುಗಿದು ರಾಗಿ ಹೊಲ ಶುರುವಾಗುವ ಕಡೆ ಇತ್ತು. ನಾನು ಮದುವೆಯಾಗಿ ಬಂದ ಕಾಲಕ್ಕೆ ರಾಜಾಜಿನಗರದ ಕಡೆ ಒಂದೊಂದೇ ಹೊಸ ಮನೆ ಏಳುತ್ತಿತ್ತು. ಹಳ್ಳಿಯವರು ಸುಗ್ಗಿಯಲ್ಲಿ ರಾಗಿ ಅಳೆದು ಕೊಡುತ್ತಿದ್ದರು. ಅವರಿಗೆ ಬಟ್ಟೆ ನಾಳೆ ಕೊಟ್ಟರೂ ಆಯಿತು, ನಾಳಿದ್ದು ಕೊಟ್ಟರೂ ಆಯಿತು. ಹೊಸ ಮನೆಯವರು ಹಾಗಲ್ಲ. ಕಾರ್ಖಾನೆಗೆ ಹೋಗುವವರ ಖಾಕಿ ಬಟ್ಟೆ ಸೋಮವಾರ ಬೆಳಿಗ್ಗೆ ಅಂದರೆ ಸೋಮವಾರ ಬೆಳಿಗ್ಗೆಯೇ ಬೇಕು. ಮಳೆ ಬಂತು, ಬಿಸಿಲಿಲ್ಲ ಅಂದರೆ ಅವರು ಕೇಳುವುದಿಲ್ಲ. ಅವರು ಹೇಳುವುದೂ ಸರಿಯೇ. ಒದ್ದೆ ಚಡ್ಡಿ ಹಾಕಿಕೊಂಡು ಯಾರು ಕೆಲಸಕ್ಕೆ ಹೋಗುತ್ತಾರೆ?

ಅದಕ್ಕೇ ಮಾವ ಆ ಕೋಣೆ ಕಟ್ಟಿದ್ದರು. ರಸ್ತೆ ಹಾಕುವವರು ಬಿಸಾಕಿದ್ದ ಡಾಂಬರು ಡ್ರಮ್ಮನ್ನು ಉರುಳಿಸಿಕೊಂಡು ಬಂದು, ಗೋಡೆಗೆ ತೂತು ಹೊಡೆದು, ಅರ್ಧ ಹೊರಗೆ ಅರ್ಧ ಒಳಗೆ ಬರುವ ಹಾಗೆ ಮಲಗಿಸಿದರು. ಹೊರಗಿನ ಅರ್ಧದಲ್ಲಿ ಬೆಂಕಿ. ಒಳಗಿನ ಅರ್ಧದಿಂದ ಒಂದು ತಗಡಿನ ಕೊಳವೆ ಹೊರಟು, ಗೋಡೆ ಸುತ್ತಿಕೊಂಡು ಹೋಗಿ, ಮೂಲೆಯಲ್ಲಿ ಮೇಲಕ್ಕೆ ಎದ್ದು ಹೆಂಚಿನ ಆಚೆ ಹೊಗೆ ಬಿಡುತ್ತಿತ್ತು. ಮೇಲೆ ಸಾಲಾಗಿ ಹಗ್ಗ. ಕಿಟಕಿ ಇಲ್ಲ, ಒಂದೇ ಬಾಗಿಲು. ಎಂಥ ಜಡಿಮಳೆಯಲ್ಲೂ ಅಲ್ಲಿ ಹಾಕಿದ ಸೀರೆ ನಾವು ಮುದ್ದೆ ಉಂಡು ಕೈ ತೊಳೆಯುವಷ್ಟರಲ್ಲಿ ಗರಿಗರಿ ಆಗುತ್ತಿತ್ತು.

ಆ ಒಲೆಯನ್ನು ಮಾವ ಒಬ್ಬರೇ ನೋಡಿಕೊಳ್ಳುತ್ತಿದ್ದರು. ಬೇರೆಯವರು ಮುಟ್ಟಬಾರದು ಅಂತಲ್ಲ. ಹೇಳಿಕೊಡುವುದಕ್ಕಿಂತ ತಾವೇ ಮಾಡುವುದು ಅವರಿಗೆ ಸಲೀಸು. ಬಾಯಿ ಬಿಟ್ಟರೆ ಎರಡು ಮಾತು, ಅದೂ ಅತ್ತೆಯ ಜೊತೆ ಜಗಳಕ್ಕೆ.

ಜಗಳ ಅಂದೆ. ಅದು ಜಗಳವಲ್ಲ. ಬೆಳಗಾದರೆ ಅತ್ತೆ ಒಂದು ಅನ್ನಬೇಕು, ಮಾವ ಒಂದು ಅನ್ನಬೇಕು. ಇಲ್ಲದಿದ್ದರೆ ಆ ಮನೆಯಲ್ಲಿ ಬೆಳಗಾಗುತ್ತಿರಲಿಲ್ಲ.

ಸತ್ತ ದಿನ ಬೆಳಿಗ್ಗೆ ಮಾವ ಜಗುಲಿಯ ಮೇಲೆ ಕೂತು ಎದೆ ಉಜ್ಜಿಕೊಂಡರು.

“ಎದೆ ಯಾಕೋ ಹಿಡ್ಕೊಂಡಂಗೈತೆ ಕಣೇ,” ಅಂದರು.

“ಒದ್ದೆ ಬಟ್ಟೆ ಹೊರೋ ಹೊತ್ಗೆ ಸರಿಯಾಗಿ ಹಿಡ್ಕೊಳ್ಳುತ್ತೆ ನಿನ್ನೆದೆ,” ಅಂದರು ಅತ್ತೆ. “ಉಣ್ಣೋ ಹೊತ್ನಲ್ಲಿ ಬಿಟ್ಕೊಳ್ಳುತ್ತೆ.”

ದಿನಾ ಅನ್ನುವ ಮಾತೇ ಅದು. ಮಾವ ತಿರುಗಿ ಏನಾದರೂ ಅನ್ನುತ್ತಾರೆ ಅಂತ ನಾನು ಕಸ ಗುಡಿಸುತ್ತ ಕಾದೆ. ಅವರು ಏನೂ ಅನ್ನಲಿಲ್ಲ. ಬಟ್ಟೆ ಗಂಟು ಹೆಗಲಿಗೆ ಹಾಕಿಕೊಂಡು ಕೋಣೆಗೆ ಹೋದರು. ಊಟಕ್ಕೆ ಕರೆದರೆ ಬರಲಿಲ್ಲ. ನನ್ನ ಗಂಡ ಹೋಗಿ ನೋಡಿದರು. ಹಗ್ಗದ ಕೆಳಗೆ ಅಂಗಾತ ಮಲಗಿದ್ದಾರೆ, ಮೇಲೆ ಯಾರದೋ ಮನೆಯ ಪಂಚೆಗಳು ನೇತಾಡುತ್ತಿವೆ.

ಕೋಣೆ ಕಾದಿತ್ತಲ್ಲ, ಹೆಣ ತಣ್ಣಗಾಗಲಿಲ್ಲ. ಅದೇ ಕಷ್ಟವಾಯಿತು. ಅತ್ತೆ ಕೈ ಮುಟ್ಟಿ, ಕಾಲು ಮುಟ್ಟಿ, “ಮೈ ಬೆಚ್ಚಗೈತೆ ಕಣ್ರೋ, ನಿದ್ದೆ ಹೋಗವ್ನೆ, ಗಲಾಟೆ ಮಾಡ್ಬ್ಯಾಡಿ” ಅನ್ನುತ್ತಿದ್ದರು. ಜಗುಲಿಗೆ ತಂದು ಮಲಗಿಸಿ, ನೆಂಟರೆಲ್ಲ ಬಂದು ಅಳುವುದಕ್ಕೆ ಶುರು ಮಾಡಿದ ಮೇಲೂ ಅತ್ತೆ ಅಳಲಿಲ್ಲ. ಮೈ ತಣ್ಣಗಾದ ಮೇಲೆ ಅತ್ತರು.

ಸಾವಾದ ಮನೆಯಲ್ಲಿ ಮಣ್ಣಿನ ಪಾತ್ರೆ ಉಳಿಸಿಕೊಳ್ಳಬಾರದು. ತಾಮ್ರ ಹಿತ್ತಾಳೆಯನ್ನು ಹುಣಿಸೆಹಣ್ಣು ಹಾಕಿ ಬೆಳಗಿದರೆ ಮೈಲಿಗೆ ಹೋಗುತ್ತದೆ, ಮಣ್ಣು ಮೈಲಿಗೆಯನ್ನು ಕುಡಿದುಬಿಡುತ್ತದೆ ಅಂತ ನಮ್ಮಲ್ಲಿ ಹೇಳುತ್ತಾರೆ. ತಿಥಿಯ ಹಿಂದಿನ ದಿನ ಮನೆಯೆಲ್ಲ ಸಾರಿಸಿ ಸುಣ್ಣ ಬಳಿದೆವು. ಸಾರಿನ ಮಡಕೆ, ನೀರಿನ ಮಡಕೆ, ಕೊಳೆ ತೆಗೆಯುವ ಚೌಳು ಮಣ್ಣು ನೆನೆಸುವ ಬಾನಿ, ಎಲ್ಲವನ್ನೂ ಅಂಗಳಕ್ಕೆ ತಂದೆವು. ಅತ್ತೆ ನಡುವೆ ನಿಂತು ಬೆರಳು ತೋರಿಸುತ್ತಿದ್ದರು. ಕೊನೆಗೆ ತಲೆ ಎತ್ತಿ ಹೆಂಚಿನ ಕಡೆ ನೋಡಿದರು.

“ಅದೊಂದು ಉಳ್ಕೊಂಡೈತಲ್ಲೋ, ಇಳ್ಸೋ,” ಅಂತ ತಿಥಿಗೆ ಬಂದಿದ್ದ ತವರಿನ ತಮ್ಮನಿಗೆ ಹೇಳಿದರು.

ಒಣಗಿಸುವ ಕೋಣೆಯ ಹೊಗೆ ಕೊಳವೆಯ ಮೇಲೆ ಒಂದು ಹಳೇ ಮಡಕೆ ಬೋರಲಾಗಿ ಕೂತಿತ್ತು. ಕರ್‍ರಗೆ ಮಸಿ ಹಿಡಿದು, ಮೇಲೆ ಸುಣ್ಣದ ಬೊಟ್ಟು. ದೃಷ್ಟಿ ಆಗದಿರಲಿ ಅಂತ ಇಟ್ಟ ಮಡಕೆ ಅಂತಲೇ ನಾವೆಲ್ಲ ತಿಳಿದಿದ್ದೆವು. ವರ್ಷಾ ವರ್ಷಾ ಯುಗಾದಿಗೆ ಆ ಬೊಟ್ಟನ್ನು ಹೊಸದಾಗಿ ಇಡಿಸುತ್ತಿದ್ದವರು ಅತ್ತೆಯೇ. ತಮ್ಮ ಹತ್ತಿ ಇಳಿಸಿದ. ಎಲ್ಲವನ್ನೂ ಹೊತ್ತುಕೊಂಡು ಹೋಗಿ ಹಳ್ಳದಲ್ಲಿ ಒಡೆದು ಬಂದರು.

ತಿಥಿ ಕಳೆದು ಕೆಲಸ ಹಿಡಿದೆವು. ಮಳೆಯೂ ಹಿಡಿಯಿತು.

ಮೊದಲ ದಿನ ಒಲೆ ಹಚ್ಚಿದಾಗ ಬೆಂಕಿ ಭರ್‍ರೆಂದು ಹತ್ತಿತು. ನನ್ನ ಗಂಡ ಖುಷಿಯಾದರು, ಅಪ್ಪನಿಗಿಂತ ನಾನೇ ವಾಸಿ ಅಂದರು. ಬಾಗಿಲು ತೆಗೆದು ಒಳಗೆ ಹೋದರೆ ಬಟ್ಟೆ ಹಾಕಿದ ಹಾಗೇ ತೊಟ್ಟಿಕ್ಕುತ್ತಿತ್ತು. ಸೌದೆ ಹಸಿ ಇರಬೇಕು ಅಂದುಕೊಂಡು ಒಣ ಹುಣಿಸೆ ತುಂಡು ಹಾಕಿದೆವು. ಅದೂ ನೋಡುತ್ತಿದ್ದ ಹಾಗೆ ಬೂದಿಯಾಯಿತು, ಕೋಣೆ ಹಾಗೇ ಇತ್ತು. ಡ್ರಮ್ಮಿನೊಳಗಿನ ಬೂದಿಯನ್ನೆಲ್ಲ ಎಳೆದು ಹಾಕಿದೆವು. ಕೊಳವೆಯ ಬೆಸುಗೆ ಬಿಟ್ಟ ಕಡೆ ಕೆಮ್ಮಣ್ಣು ಮೆತ್ತಿದೆವು. ಬಾಗಿಲ ಸಂದಿಗೆ ಗೋಣಿ ತುರುಕಿದೆವು. ಹೆಂಚಿನ ಕೆಳಗೆ ಹುಲ್ಲು ಹೊದಿಸಿದೆವು. ಸೌದೆ ಮೊದಲಿಗಿಂತ ಹೆಚ್ಚು ಸುಡುತ್ತಿತ್ತು. ಶಾಖ ಎಲ್ಲಿ ಹೋಗುತ್ತಿತ್ತೋ.

ಪಕ್ಕದ ಮನೆಯಾಕೆ ಮೊರ ಕೇಳುವುದಕ್ಕೆ ಬಂದು ಬಾಗಿಲಲ್ಲಿ ನಿಂತು ನೋಡಿದಳು. “ಯಜಮಾನ ಹೋಗೋವಾಗ ಶಾಖಾನೂ ಹೊತ್ಕೊಂಡೋದ ಬುಡು,” ಅಂದಳು. ಸುಮ್ಮನೆ ಬಾಯಿಗೆ ಬಂದದ್ದು ಅಂದಳು, ಮೊರ ತೆಗೆದುಕೊಂಡು ಹೋದಳು. ಆ ಮಾತು ಅತ್ತೆಯ ತಲೆಯಲ್ಲಿ ಕೂತುಬಿಟ್ಟಿತು.

“ಮುನಿಸ್ಕೊಂಡವ್ನೆ,” ಅಂದರು ಅತ್ತೆ. “ಅವತ್ತು ನಾನು ಹಂಗಂದೆ ಅಂತ. ಎದೆ ನೋವು ಅಂದೋನಿಗೆ ಹಂಗನ್ನಬೋದಾ? ಅದಕ್ಕೇ ಶಾಖ ಕಟ್ಟಾಕವ್ನೆ.”

“ನಾವು ದಿನಾ ಕೇಳೋ ಮಾತೇ ಅಲ್ವ ಅತ್ತೆ ಅದು,” ಅಂದೆ.

“ದಿನಾ ತಿರುಗಿ ಅನ್ನೋನು. ಅವತ್ತು ಯಾಕೆ ಅನ್ಲಿಲ್ಲ, ಹೇಳು.”



ಅವತ್ತಿನಿಂದ ಅತ್ತೆ ಆ ಕೋಣೆಗೆ ಎಡೆ ಇಡುವುದಕ್ಕೆ ಶುರು ಮಾಡಿದರು. ಮೊದಲು ಮುದ್ದೆ, ಹುರುಳಿ ಸಾರು. ಆಮೇಲೆ ಕೋಳಿ ಕೊಯ್ಯಿಸಿದರು. ಬೀಡಿ ಕಟ್ಟು ಇಟ್ಟರು, ಬೆಂಕಿಪೊಟ್ಟಣವನ್ನೂ ಮರೆಯದೆ ಪಕ್ಕದಲ್ಲಿ ಇಟ್ಟರು. ಬಾಗಿಲು ಹಾಕಿಕೊಂಡು ಒಳಗೆ ಕೂತು ಮಾತಾಡುತ್ತಿದ್ದರು. ನಾನು ಒದ್ದೆ ಬಟ್ಟೆ ಹಿಡಿದು ಹೊರಗೆ ನಿಂತಿರುತ್ತಿದ್ದೆ. ಕೇಳಬಾರದು ಅಂದರೂ ಕೇಳುತ್ತಿತ್ತು.

“ಏನಯ್ಯಾ, ಎಷ್ಟು ದಿನ ಹಿಂಗೆ? ನಿನ್ನ ಮಗ ಕೆರೆಯಿಂದ ಹೊತ್ಕೊಂಡು ಬಂದಿದ್ದು ಒಣಗ್ತಾ ಇಲ್ಲ. ನನ್ನ ಮೇಲಿನ ಸಿಟ್ಟನ್ನ ಬಟ್ಟೆ ಮೇಲೆ ತೋರಿಸ್ತೀಯಾ? ತಪ್ಪಾಯ್ತು ಅಂದ್ನಲ್ಲ. ಇನ್ನೆಷ್ಟು ಸಲ ಅನ್ಲಿ? ನೀನು ನನಗೆ ಅಂದಿಲ್ವಾ? ನನ್ನ ತವರು ಮನೆಯೋರ್ನ ಏನಂದೆ ನೀನು, ಜ್ಞಾಪಕ ಐತಾ?”

ತಪ್ಪಾಯ್ತು ಅಂತ ಶುರು ಮಾಡಿ ಜಗಳಕ್ಕೆ ಬಂದು ನಿಲ್ಲುತ್ತಿದ್ದರು. ಹೊರಗೆ ಬಂದಾಗ ಮುಖ ಕಳೆಯಾಗಿರುತ್ತಿತ್ತು. ಅದನ್ನು ನಾನು ಆಗ ನೋಡಿದೆ, ಏನು ಅಂತ ಯೋಚನೆ ಮಾಡಲಿಲ್ಲ. ನನಗೆ ಬಟ್ಟೆಯದೇ ಚಿಂತೆ.

ಬಟ್ಟೆ ಮುಗ್ಗಲು ಹಿಡಿಯುತ್ತಿತ್ತು. ಹೊಸ ಮನೆಯ ಒಬ್ಬ ಅಮ್ಮ ಸೀರೆಯನ್ನು ಮೂಗಿಗೆ ಹಿಡಿದು ನೋಡಿ ನನ್ನ ಕೈಗೇ ವಾಪಸ್ ಕೊಟ್ಟರು.

“ಏನಮ್ಮಾ ಇದು, ನೀನು ಒಗೆದು ತಂದಿದೀಯೋ, ಒಗೆಯೋಕೆ ತಗೊಂಡು ಹೋಗ್ತಾ ಇದೀಯೋ?”

ಅವರ ತಪ್ಪಿಲ್ಲ. ನಾನು ವಾಪಸ್ ತಂದೆ. ನನ್ನ ಗಂಡ ಆ ಗಂಟು ನೋಡಿ, “ಕೋಣೆ ಕಿತ್ತು ಬಿಸಾಕ್ತೀನಿ, ಡ್ರಮ್ಮು ದನಕ್ಕೆ ನೀರು ಕುಡಿಯೋಕೆ ಆಗುತ್ತೆ,” ಅಂದರು.

“ಕಿತ್ತರೆ ಅವನೆಲ್ಲಿ ಹೋಗ್ತಾನೆ?” ಅಂದರು ಅತ್ತೆ.

ಮಗ ಮುಖ ತಿರುಗಿಸಿಕೊಂಡು ಕೆರೆಗೆ ಹೋದರು.

ಅವತ್ತು ನಾನು ಅಂಗಳದ ಒರಳುಕಲ್ಲಿನ ಮುಂದೆ ಕೂತು ಖಾರ ಅರೆಯುತ್ತಿದ್ದೆ. ಒಲೆ ಉರಿಯುತ್ತಿತ್ತು. ಅರೆದು ಮುಗಿಯಿತು. ಆಗ ಹೊಳೆಯಿತು, ನಾನು ಕೆಮ್ಮಲಿಲ್ಲ ಅಂತ. ಮಾವ ಇದ್ದಾಗ ಒಲೆ ಹಚ್ಚಿದ ಹೊತ್ತಿನಲ್ಲಿ ಅಲ್ಲಿ ಕೂತು ಅರೆಯುವುದು ಅಂದರೆ ನರಕ. ಹೊಗೆ ಹೆಂಚಿನ ಮೇಲೆ ತೆವಳಿಕೊಂಡು ಬಂದು ಅಂಗಳಕ್ಕೆ ಇಳಿಯುತ್ತಿತ್ತು. ಕೆಮ್ಮಿ ಕೆಮ್ಮಿ ಮಾವನನ್ನು ಮನಸ್ಸಿನಲ್ಲೇ ಬೈದುಕೊಳ್ಳುತ್ತಿದ್ದೆ. ಈಗ ಹೊಗೆ ಇಲ್ಲ. ತಲೆ ಎತ್ತಿ ನೋಡಿದೆ. ಕೊಳವೆಯ ಬಾಯಿಂದ ಹೊಗೆ ನೆಟ್ಟಗೆ, ಕೋಲಿನ ಹಾಗೆ, ಆಕಾಶಕ್ಕೆ ಹೋಗುತ್ತಿತ್ತು. ಜೊತೆಗೆ ಕಿಡಿ. ಕೊಳವೆಯ ಬಾಯಿ ಬರಿದಾಗಿತ್ತು.

ಏಣಿ ಹಾಕಿ ಹತ್ತಿದೆ. ಕೊಳವೆಯ ಮೇಲೆ ಕೈ ಹಿಡಿದರೆ ಸುಟ್ಟುಹೋಗುವಷ್ಟು ಶಾಖ. ಕೋಣೆಯಲ್ಲಿ ನಿಲ್ಲಬೇಕಾದದ್ದೆಲ್ಲ ಅಲ್ಲಿಂದ ಹಾರಿಹೋಗುತ್ತಿತ್ತು. ಮಳೆ ಬಂದಾಗ ನೀರೂ ಅದೇ ಬಾಯಿಂದ ಇಳಿಯುತ್ತಿತ್ತು ಅಂತ ಕಾಣುತ್ತದೆ, ತಗಡಿನ ಒಳಗೆಲ್ಲ ತುಕ್ಕು. ಮಡಕೆ ದೃಷ್ಟಿಗೆ ಇಟ್ಟದ್ದಲ್ಲ. ಹೊಗೆಯನ್ನು ಕೊಳವೆಯಲ್ಲಿ ತಡೆದು ನಿಧಾನವಾಗಿ ಬಿಡುವ ಮುಚ್ಚಳ. ಅದರ ತಳದಲ್ಲಿ ಒಂದು ತೂತಿದ್ದದ್ದನ್ನು ಇಳಿಸುವಾಗ ನಾನೇ ನೋಡಿದ್ದೆ, ಹಳೇ ಮಡಕೆ ಒಡೆದಿದೆ ಅಂದುಕೊಂಡಿದ್ದೆ.

ಕುಂಬಾರರ ಮನೆಯಿಂದ ಒಂದು ಮಡಕೆ ತಂದೆ. ಮೊಳೆ ಇಟ್ಟು ತಟ್ಟಿ ತಳಕ್ಕೆ ತೂತು ಮಾಡಿ, ಕೊಳವೆಯ ಮೇಲೆ ಬೋರಲು ಹಾಕಿದೆ. ತೂತು ಸಣ್ಣದಾಯಿತು, ಹೊಗೆ ತಿರುಗಿ ಒಲೆಯ ಬಾಯಿಗೇ ಬಂತು. ಮತ್ತೆ ಹತ್ತಿ ಸ್ವಲ್ಪ ದೊಡ್ಡದು ಮಾಡಿದೆ. ಬೆಂಕಿಯ ಸದ್ದು ಇಳಿಯಿತು, ಮಾವ ಇದ್ದಾಗ ಇರುತ್ತಿದ್ದ ಹಾಗೆ, ಗೊರಕೆಯ ಹಾಗೆ. ಹೊಗೆ ಹೆಂಚಿನ ಮೇಲೆ ತೆವಳಿ ಬಂತು. ನನಗೆ ಕೆಮ್ಮು ಬಂತು.

ಅತ್ತೆ ಎಮ್ಮೆಗೆ ಹುಲ್ಲು ತರುವುದಕ್ಕೆ ಹೋಗಿದ್ದರು. ಬಂದವರೇ ನೇರ ಕೋಣೆಗೆ ಹೋದರು, ಎಡೆಯ ತಟ್ಟೆ ತೆಗೆಯುವುದಕ್ಕೆ. ಬಾಗಿಲು ತೆಗೆದು ನಿಂತರು. ಶಾಖ ಹೊರಗೆ ನುಗ್ಗಿ ಸೆರಗು ಅಲ್ಲಾಡಿತು.

“ಸಿಟ್ಟು ಇಳೀತು,” ಅಂದರು. ಕಣ್ಣು ತುಂಬಿಕೊಂಡಿತ್ತು. “ಇಳೀತು ಕಣವ್ವ. ಮುದ್ಕಂಗೆ ಕೋಳಿ ಸಾರು ಹಿಡಿಸ್ತು.”

ಅಲ್ಲಿಗೇ ಬಿಡಬಹುದಿತ್ತು ಅಂತ ಆಮೇಲೆ ಕೆಲವರು ನನಗೆ ಹೇಳಿದರು. ಹೇಗೆ ಬಿಡುವುದು? ನಾಳೆ ಗಾಳಿಗೆ ಮಡಕೆ ಬಿದ್ದರೆ ಮತ್ತೆ ಕೋಳಿ ಕೊಯ್ಯುವುದಾ? ಒಲೆ ನೋಡಿಕೊಳ್ಳುವ ಮನೆಯವರಿಗೆಲ್ಲ ಅದು ತಿಳಿದಿರಬೇಕು. ನಾನು ಏಣಿಯ ಹತ್ತಿರ ಕರೆದುಕೊಂಡು ಹೋಗಿ ತೋರಿಸಿದೆ.

“ಮಡಕೆ ಅತ್ತೆ. ತಿಥಿಗೆ ಇಳಿಸಿದ್ವಲ್ಲ, ಅದು ಶಾಖ ಒಳಗೇ ನಿಲ್ಸೋಕೆ ಇಟ್ಟಿದ್ದು. ಈಗ ಹೊಸದು ಹಾಕ್ದೆ.”

ಅತ್ತೆ ಮೇಲೆ ನೋಡಿದರು.

“ನಾನೇ ಇಳ್ಸು ಅಂದಿದ್ದು,” ಅಂದರು.

“ಯಾರಿಗೆ ಗೊತ್ತಿತ್ತು ಅತ್ತೆ.”

“ಹಂಗಾದ್ರೆ ಅವನೇನೂ ಮಾಡ್ಲಿಲ್ಲ.”

“ಇಲ್ಲ. ಮಾವಂಗೆ ನಿಮ್ಮ ಮೇಲೆ ಸಿಟ್ಟಿರ್ಲಿಲ್ಲ,” ಅಂದೆ. ಸಮಾಧಾನವಾಗುತ್ತದೆ ಅಂತಲೇ ಅಂದೆ.

ಅತ್ತೆ ನನ್ನ ಮುಖ ನೋಡಿದರು, ಏನೋ ಕೈಯಿಂದ ಕಿತ್ತುಕೊಂಡವಳನ್ನು ನೋಡುವ ಹಾಗೆ. “ಸಿಟ್ಟಾದ್ರೂ ಇದ್ದಿದ್ರೆ,” ಅಂದರು, “ಅವನು ಇಲ್ಲೇ ಅವ್ನೆ ಅಂತಾಗ್ತಿತ್ತು.”

ಕೋಣೆಗೆ ಹೋಗಿ ತಟ್ಟೆ ಎತ್ತಿಕೊಂಡು ಬಂದು, ಮುದ್ದೆಯನ್ನು ಎಮ್ಮೆಯ ಕಲಗಚ್ಚಿಗೆ ಹಾಕಿದರು. ಬೀಡಿ ಕಟ್ಟನ್ನು ಮಗನಿಗೆ ಕೊಟ್ಟರು.

ಆಮೇಲೆ ಅವರು ಎಡೆ ಇಡಲಿಲ್ಲ. ಕೋಣೆಗೆ ಹೋಗುತ್ತಿದ್ದರು, ಬಟ್ಟೆ ಹಾಕುತ್ತಿದ್ದರು, ತೆಗೆದು ಮಡಿಸುತ್ತಿದ್ದರು. ನಾನು ಹೊರಗಿನಿಂದ ಎಷ್ಟೋ ಸಲ ಕಿವಿಗೊಟ್ಟೆ. ಮಾತಿಲ್ಲ. ಹಗ್ಗ ಕಿರುಗುಟ್ಟುವುದು ಕೇಳುತ್ತಿತ್ತು, ಅಷ್ಟೇ.

ಯುಗಾದಿ ಬಂದಾಗ ಸುಣ್ಣದ ಬಟ್ಟಲು ತಂದು ಅವರ ಮುಂದೆ ಇಟ್ಟೆ, ಮಡಕೆಗೆ ಬೊಟ್ಟು ಇಡಿಸುತ್ತಾರೇನೋ ಅಂತ.

“ಹೊಗೆ ಮಡಕೆಗೆ ಯಾಕೆ ಬೊಟ್ಟು,” ಅಂದರು ಅತ್ತೆ. ಬಟ್ಟಲನ್ನು ಎತ್ತಿ ಗೂಡಿನಲ್ಲಿಟ್ಟು, ಒಣಗಿದ ಬಟ್ಟೆ ತರುವುದಕ್ಕೆ ಹೋದರು.