ಮೀನುಮರಿಗಳ ಬುತ್ತಿ

ಹಾಸ್ಟೆಲಿನ ಅಡುಗೆಮನೆಯಲ್ಲಿ ಅರ್ಧ ಆಯಸ್ಸು ಸವೆಸಿದ್ದ ದೊಡ್ಡಮ್ಮ, ಹಾಸ್ಟೆಲು ಮುಚ್ಚಿದ ಮೇಲೆ ಮೀನುಮರಿ ಬೆಳೆಸುವ ಕೇಂದ್ರದಲ್ಲಿ ನೆಲ ತೊಳೆಯಲು ಸೇರಿಕೊಂಡಳು. ಕೈಚುರುಕು ನೋಡಿ ಮೀನಿನ ಮೊಟ್ಟೆಗಳಿದ್ದ ಒಂದು ಗಾಜಿನ ತೊಟ್ಟಿಯನ್ನು ಅವಳಿಗೇ ಒಪ್ಪಿಸಿದರು. ಮರಿಗಳು ಉಳಿದರೆ ತೊಟ್ಟಿಯ ಕೆಲಸ ಕಾಯಂ, ಇಲ್ಲದಿದ್ದರೆ ಮತ್ತೆ ಪೊರಕೆ.

ದೊಡ್ಡಮ್ಮ ಹಿಗ್ಗಿ ಹೀರೇಕಾಯಿಯಾದಳು. ಭೂತಗನ್ನಡಿಯಲ್ಲಿ ನೋಡಿದರೆ ಮಣಿಯಂಥ ಮೊಟ್ಟೆಯೊಳಗೆ ಮೊದಲು ಒಂದು ಚುಕ್ಕೆ, ಆಮೇಲೆ ಎರಡು ಕಣ್ಣು, ಆಮೇಲೆ ಪಟಪಟ ಬಡಿಯುವ ಬಾಲ. ಮನೆಯಲ್ಲಿ ಅದೇ ಮಾತು. ಮೊಮ್ಮಕ್ಕಳು ಹುಟ್ಟಿದಾಗಲೂ ಅತ್ತಿಗೆ ಇಷ್ಟು ಕುಣಿದಿರಲಿಲ್ಲ ಎಂದು ನಾದಿನಿ ಕಾಲೆಳೆದಳು.

ಮರಿಗಳು ಮೊಟ್ಟೆಯೊಡೆದು ಬಂದವು. ಈಗಲೇ ತಿನ್ನಲು ಏನೂ ಹಾಕಬೇಡಿ ಎಂದು ಕೇಂದ್ರದ ಮೇಲ್ವಿಚಾರಕಿ ಹೇಳಿಯೇ ಇದ್ದಳು. ಆದರೆ ಊರಿಗೆಲ್ಲ ಉಣ್ಣಿಸಿದ ಕೈ ಸುಮ್ಮನಿದ್ದೀತೇ? ಬೇಯಿಸಿದ ಕೋಳಿಮೊಟ್ಟೆಯ ಹಳದಿಯನ್ನು ಬಟ್ಟೆಯಲ್ಲಿ ಹಿಂಡಿ, ಯಾರಿಗೂ ಕಾಣದಂತೆ ಸುರಿದಳು. ಮಧ್ಯಾಹ್ನದ ಹೊತ್ತಿಗೆ ನೀರು ಗಂಜಿಯಾಯಿತು. ಕೆಲವು ಮರಿಗಳು ತಳದಲ್ಲಿ ಅಲುಗಾಡದೆ ಬಿದ್ದಿದ್ದವು. ದೊಡ್ಡಮ್ಮ ಓಡಿಹೋಗಿ ಮೇಲ್ವಿಚಾರಕಿಗೆ ಎಲ್ಲವನ್ನೂ ಹೇಳಿಬಿಟ್ಟಳು.

ಮೇಲ್ವಿಚಾರಕಿ ಬೈಯಲಿಲ್ಲ. ಇಬ್ಬರೂ ಸೇರಿ ಕೊಳಕು ನೀರನ್ನು ಕೊಳವೆಯಲ್ಲಿ ಎಳೆದು, ಹೊಸ ನೀರು ಬಿಟ್ಟು, ಗಾಳಿಗುಳ್ಳೆ ಜೋರು ಮಾಡಿದರು. ಆಮೇಲೆ ಅವಳು ಭೂತಗನ್ನಡಿ ಹಿಡಿದು ತೋರಿಸಿದಳು.

"ಹೊಟ್ಟೆ ಕೆಳಗೆ ಹಳದಿ ಗಂಟು ಕಾಣಿಸ್ತಾ ದೊಡ್ಡಮ್ಮ? ತಾಯಿ ಕಟ್ಟಿಕೊಟ್ಟಿರೋ ಬುತ್ತಿ ಅದು. ಕಣ್ಣು, ಬಾಲ ಎಲ್ಲಾ ಮೂಡಿದ್ದು ಅದರ ಬಲದಲ್ಲೇ. ಒಲೆ ಉರಿಯೋಕೆ ಗಾಳಿ ಬೇಕಲ್ವಾ, ಹಾಗೇ ಆ ಬುತ್ತಿ ಶಕ್ತಿ ಆಗೋಕೂ ಗಾಳಿ ಬೇಕು. ನೀವು ಹಾಕಿದ್ದು ಕೊಳೆತು, ನೀರಲ್ಲಿದ್ದ ಗಾಳೀನೆಲ್ಲ ನುಂಗಿಬಿಡ್ತು. ಇವುಕ್ಕೆ ಇನ್ನೂ ಬಾಯೇ ತೆರೆದಿಲ್ಲ."

"ಅಯ್ಯೋ, ಬಾಯಿ ಇಲ್ದೋರಿಗೆ ಬಡಿಸಿದ್ನಾ," ಎಂದಳು ದೊಡ್ಡಮ್ಮ. "ಹಾಸ್ಟೆಲಲ್ಲಾದ್ರೆ ಹುಡುಗ್ರು ಬೈದಾದ್ರೂ ಹೇಳ್ತಿದ್ರು."

ಮೇಲ್ವಿಚಾರಕಿಗೆ ನಗು ತಡೆಯಲಾಗಲಿಲ್ಲ.

ಮುಂದಿನ ದಿನಗಳಲ್ಲಿ ದೊಡ್ಡಮ್ಮ ಪಟ್ಟ ಪಾಡು ಯಾರಿಗೂ ಬೇಡ. ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಕೂತು ನೋಡುವುದಷ್ಟೇ ಕೆಲಸ. ಗಂಟು ಕರಗುತ್ತಿತ್ತು, ಮೈ ಉದ್ದವಾಗುತ್ತಿತ್ತು. ಒಂದಷ್ಟು ಮರಿಗಳು ಹೋದವು, ನಿಜ. ಉಳಿದವು ಮಾತ್ರ ಗಟ್ಟಿಯಾಗಿ ನಿಂತವು.

ಒಂದು ಬೆಳಿಗ್ಗೆ ನೋಡಿದರೆ ಗಂಟೇ ಇಲ್ಲ. ಮರಿಗಳು ನೆಟ್ಟಗೆ ಈಜುತ್ತ, ಸೂಜಿಕಣ್ಣಿನಷ್ಟು ಬಾಯಿ ತೆರೆದು ಮುಚ್ಚುತ್ತಿವೆ. ಮೇಲ್ವಿಚಾರಕಿ ಆಹಾರದ ಡಬ್ಬಿಯನ್ನು ಅವಳ ಕೈಗಿಟ್ಟು, ಪಕ್ಕದ ತೊಟ್ಟಿಯೂ ಇನ್ನು ನಿಮ್ಮದೇ ಎಂದಳು.

ದೊಡ್ಡಮ್ಮನಿಗೆ ಅದು ಕೇಳಿಸಿತೋ ಇಲ್ಲವೋ. ಚಿಟಿಕೆ ಪುಡಿ ಉದುರಿಸಿ, ಗಾಜಿಗೆ ಮೂಗು ಒತ್ತಿ, "ಸಾವಕಾಶ ತಿನ್ರೋ, ಎಲ್ರಿಗೂ ಇದೆ," ಎನ್ನುತ್ತಿದ್ದಳು.