ಪಕ್ಷ ಬಿಟ್ಟು ಬಂದವರ ಮಾತಿಗೆ ದುಭಾಷಿ

೧೯೩೦ನೆಯ ಇಸವಿ. ಧಾರವಾಡದ ಕೋರ್ಟಿನಲ್ಲಿ ನಾನು ದುಭಾಷಿಯಾಗಿದ್ದೆ. ಸಾಕ್ಷಿಗಳ ಕನ್ನಡವನ್ನು ಇಂಗ್ಲಿಷ್ ನ್ಯಾಯಾಧೀಶರಿಗೂ, ಅವರ ಪ್ರಶ್ನೆಗಳನ್ನು ಸಾಕ್ಷಿಗಳಿಗೂ ತಿಳಿಸುವುದು ನನ್ನ ಕೆಲಸ. ದಸರೆ ಮುಗಿದ ಮೇಲೆ ಬ್ರಿಟಿಷ್ ಪಾರ್ಲಿಮೆಂಟಿನ ಸದಸ್ಯರೊಬ್ಬರು ಹುಬ್ಬಳ್ಳಿಗೆ ಬಂದರು. ಹತ್ತಿ ವ್ಯಾಪಾರಿಗಳೊಡನೆ ಅವರ ಸಭೆಗೆ ನನ್ನನ್ನೇ ಕಳಿಸಿದರು.

ಆ ಸಾಹೇಬರು ಒಂದು ಪಕ್ಷದಿಂದ ಗೆದ್ದು, ನಡುವೆಯೇ ಎದುರು ಪಕ್ಷ ಸೇರಿದ್ದರು. ಈಗ ಲಂಡನ್ನಿನಲ್ಲಿ ಆ ಹೊಸ ಪಕ್ಷದ್ದೇ ಸರಕಾರ. ಇಲ್ಲಿ ಸತ್ಯಾಗ್ರಹಿಗಳು ಜೈಲಿನಲ್ಲಿ. ಸಭೆಗೆ ಬಂದವರಲ್ಲಿ ಹಲವರ ಮನೆಯವರೂ ಸೆರೆಯಲ್ಲಿದ್ದರು. ಬಾಗಿಲಲ್ಲಿ ಲಾಠಿ ಹಿಡಿದ ಪೊಲೀಸರು, ನನ್ನ ಪಕ್ಕದಲ್ಲಿ ಅಸಿಸ್ಟೆಂಟ್ ಕಲೆಕ್ಟರ್.

ನಿಮ್ಮ ಮಾತನ್ನು ಪಾರ್ಲಿಮೆಂಟಿನಲ್ಲಿ ಎತ್ತುತ್ತೇನೆ ಎಂದು ಸಾಹೇಬರು ಭಾಷಣ ಮುಗಿಸುತ್ತಲೇ ವ್ಯಾಪಾರಿ ಶಿವಪ್ಪನವರು ಎದ್ದರು.

"ನನ್ನ ತಮ್ಮ ಒಳಗದಾನ್ರಿ. ಭೆಟ್ಟಿ ಆಗಾಕ ಬಿಡವಲ್ರು. ನಮ್ಮ ಮಾತು ಅಲ್ಲಿ ಎತ್ತತೀನಿ ಅಂತೀರಿ. ಆದ್ರ ಆರಿಸಿ ಕಳಿಸಿದ ಪಕ್ಷಾನ ಬಿಟ್ಟು ಬಂದವ್ರು ನೀವು. ನಾಳೆ ನಮ್ಮ ಕೈ ಬಿಡಂಗಿಲ್ಲ ಅಂತ ಹೆಂಗ ನಂಬೂದ್ರಿ?"

"ಸ್ವಲ್ಪ ಮೆತ್ತಗೆ ಮಾಡಿ ಹೇಳು" ಎಂದು ಕಲೆಕ್ಟರು ಇಂಗ್ಲಿಷಿನಲ್ಲಿ ಪಿಸುಗುಟ್ಟಿದರು. ನಾನು ಇದ್ದಂತೆಯೇ ಹೇಳಿದೆ. ಸಾಹೇಬರ ಮುಖ ಕೆಂಪೇರಿತು. ಆಮೇಲೆ ಶಿವಪ್ಪನವರನ್ನೇ ನೋಡುತ್ತ ಮಾತಾಡಿದರು.

"ಈಗಲೇ ನಂಬಬೇಡಿ. ಗಣಿ ಕಾರ್ಮಿಕರ ಮುಷ್ಕರದಲ್ಲಿ ನನ್ನ ಹಳೆಯ ಪಕ್ಷ ಅವರ ಪರ ನಿಲ್ಲಲಿಲ್ಲ, ಅದಕ್ಕೇ ಬಿಟ್ಟೆ. ನನ್ನ ಅಣ್ಣ ಇಂದಿಗೂ ನನ್ನೊಡನೆ ಮಾತಾಡುವುದಿಲ್ಲ. ನಿಮ್ಮ ತಮ್ಮನನ್ನು ಸೆರೆಯಲ್ಲಿಟ್ಟಿರುವುದು ನನ್ನ ಈಗಿನ ಪಕ್ಷದ ಸರಕಾರ. ಅದು ತಪ್ಪು. ಹಾಗೆಂದು ಅಲ್ಲಿ ಹೇಳಿದರೆ ಈ ಪಕ್ಷದವರು ನನ್ನನ್ನು ಹೊರಹಾಕಬಹುದು. ಆದರೂ ಹೇಳುತ್ತೇನೆ."

"ಮುಷ್ಕರದ ಮಾತಿಗೇ ನಿಲ್ಲಿಸು" ಎಂದು ಕಲೆಕ್ಟರು ಮತ್ತೆ ಕಿವಿಯಲ್ಲಿ ಪಿಸುಗುಟ್ಟಿದರು.

ನಿಲ್ಲಿಸಿದ್ದರೆ ಸಭೆಯಲ್ಲಿ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಪೂರ್ತಿ ಹೇಳಿದರೆ ಜನ ಕೆರಳಿ ಘೋಷಣೆ ಕೂಗಬಹುದು, ಪೊಲೀಸರು ಲಾಠಿ ಬೀಸಬಹುದು; ನನ್ನ ನೌಕರಿಯಂತೂ ಹೋದಂತೆಯೇ. ಒಂದು ಮಾತನ್ನೂ ಬಿಡದೆ ಕನ್ನಡದಲ್ಲಿ ಹೇಳಿದೆ.

ಯಾರೂ ಕೂಗಲಿಲ್ಲ. ಶಿವಪ್ಪನವರು ನಿಂತೇ ಇದ್ದರು.

"ಒಡಹುಟ್ಟಿದಾಂವ ಮಾತ ಬಿಟ್ಟಾನಂದ್ರ ಬಾಳ ತ್ರಾಸ ಆಗಿರಬೇಕು. ನಮ್ಮ ಮನಿಗೆ ಊಟಕ್ಕ ಬರ್ರಿ ಅಂತ ಹೇಳ್ರಿ ಅವರಿಗೆ."

ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಸಾಹೇಬರು ಬರುತ್ತೇನೆಂದು ತಲೆಯಾಡಿಸಿದರು.

ನೌಕರಿ ಹೋಗಲಿಲ್ಲ. ಆದರೆ ನನ್ನನ್ನು ಕೋರ್ಟಿನಿಂದ ತೆಗೆದು ಹಳೆಯ ಕಾಗದಪತ್ರಗಳ ಕೋಣೆಗೆ ಹಾಕಿದರು. ಸಾಹೇಬರು ಪಾರ್ಲಿಮೆಂಟಿನಲ್ಲಿ ಮಾತಾಡಿದ್ದನ್ನು ಪತ್ರಿಕೆಯಲ್ಲಿ ಓದಿದೆ. ಪಕ್ಷ ಅವರಿಗೆ ಮತ್ತೆ ಟಿಕೆಟ್ ಕೊಡಲಿಲ್ಲ; ಮುಂದಿನ ಚುನಾವಣೆಯಲ್ಲಿ ಪಕ್ಷವಿಲ್ಲದೆ ಒಬ್ಬರೇ ನಿಂತು ಸೋತರು. ಅವರ ಮಾತಿನಿಂದ ಜೈಲಿನ ಬಾಗಿಲು ತೆರೆಯಲಿಲ್ಲ. ಮರುವರ್ಷ ಸರಕಾರಕ್ಕೂ ಸತ್ಯಾಗ್ರಹಿಗಳಿಗೂ ರಾಜಿಯಾದಾಗ ಶಿವಪ್ಪನವರ ತಮ್ಮ ಉಳಿದವರ ಜೊತೆಗೇ ಹೊರಬಂದ.

ಕೆಲವು ವರ್ಷಗಳ ನಂತರ ನನ್ನನ್ನು ಮತ್ತೆ ದುಭಾಷಿಯ ಕೆಲಸಕ್ಕೆ ಕರೆದರು. ಹೊಸಬರಿಗೆ ನಾನು ಕಲಿಸಿದ್ದು ಇಷ್ಟೇ: ಯಾರನ್ನು ನಂಬಬೇಕೆಂದು ತೀರ್ಮಾನಿಸುವವರು ಕೇಳುವ ಜನ. ಅವರಿಗೆ ಅರ್ಧ ಮಾತು ಮುಟ್ಟಿಸಿದರೆ ಆ ತೀರ್ಮಾನವನ್ನು ನಾವೇ ಕಸಿದುಕೊಂಡಂತೆ.