ಒಡ್ಡು ಕಡಿದ ಅವ್ವ

ಭತ್ತದ ಬುಡ ಕಿತ್ತು ಮೂಗಿಗೆ ಹಿಡಿದಾಗಲೆಲ್ಲ ಅವ್ವನ ಮೂಗುತಿಗೆ ಕೆಸರು ಮೆತ್ತಿಕೊಳ್ಳುತ್ತಿತ್ತು. ಒರೆಸುವ ಗೋಜಿಗೆ ಆಕೆ ಹೋಗುತ್ತಿರಲಿಲ್ಲ. ಮೂಸಿ, ಬೇರನ್ನು ಬೆರಳಲ್ಲಿ ತೀಡಿ, ಬುಡವನ್ನು ಅಲ್ಲೇ ಮತ್ತೆ ನೆಟ್ಟು ಮುಂದಕ್ಕೆ ಸರಿಯುತ್ತಿದ್ದಳು.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಹಾನಗಲ್ಲ ತಾಲೂಕಿನಲ್ಲಿ ರೈತರಿಗೆ ಬೇಸಾಯ ಹೇಳಿಕೊಡುವ ಗ್ರಾಮಸೇವಕ. ಐದಕ್ಕೆ ಏಳುವುದು, ಆರಕ್ಕೆ ಸೈಕಲ್ಲು, ಏಳಕ್ಕೆ ಗದ್ದೆ. ಕಂಡದ್ದನ್ನು ಅಂದೇ ಡೈರಿಯಲ್ಲಿ ಬರೆಯುವುದು. ಊರವರೆಲ್ಲ ಅವ್ವ ಎಂದೇ ಕರೆಯುತ್ತಿದ್ದ ಆ ರೈತ ಹೆಂಗಸಿಗೆ ಇದ್ದದ್ದು ಕೆರೆಯ ಕೆಳಗಿನ ಒಂದೇ ಗದ್ದೆ. ಮನೆಯ ವರ್ಷದ ಅನ್ನ ಅದರಿಂದಲೇ ಬರಬೇಕು. ಅದನ್ನೇ ನಾನು ಪ್ರಾತ್ಯಕ್ಷಿಕೆಗೆ ಆರಿಸಿದ್ದೆ. ನಾಟಿಯಿಂದ ತೆನೆಯವರೆಗೆ ಎರಡು ಇಂಚು ನೀರು ನಿಂತಿರಬೇಕೆಂಬುದು ನನ್ನ ನಿಯಮ. ದಿನವೂ ಅಡಿಪಟ್ಟಿ ಇಳಿಸಿ ಅಳೆಯುತ್ತಿದ್ದೆ. ಒಂದು ಗೆರೆ ಇಳಿದರೂ ನೀರು ತಿರುಗಿಸುತ್ತಿದ್ದೆ.

ತಿಂಗಳೊಳಗೆ ಪೈರು ಹಳದಿಯಾಯಿತು. ಯೂರಿಯಾ ಹಾಕಿಸಿದೆ, ಪ್ರಯೋಜನವಾಗಲಿಲ್ಲ. ಅವ್ವ ಒಂದು ಬುಡ ಕಿತ್ತು ನನ್ನ ಮುಖಕ್ಕೇ ಹಿಡಿದಳು. ಬೇರು ಕಪ್ಪಗಿತ್ತು, ಕೊಳೆತ ಮೊಟ್ಟೆಯ ನಾತ ಹೊಡೆಯುತ್ತಿತ್ತು.

"ಪಟ್ಟಿ ದಿನಾ ತರ್ತೀರಿ ಸಾಹೇಬ್ರ, ಮೂಗು ಯಾಕ ಮನ್ಯಾಗ ಬಿಟ್ಟ ಬರ್ತೀರಿ?"

ನೀರು ಬಸಿದುಬಿಡೋಣ ಎಂದಳು. ನಾನು ಒಪ್ಪಲಿಲ್ಲ. ಕೆರೆ ತಗ್ಗಿದ್ದರಿಂದ ಆಗಷ್ಟೇ ನೀರಿಗೆ ಪಾಳಿ ಹಚ್ಚಿದ್ದರು, ನಮ್ಮ ಸರದಿ ಮತ್ತೆ ಬರಲು ಎಂಟು ದಿನ. ಅಷ್ಟರಲ್ಲಿ ಪೈರು ಒಣಗಿದರೆ ಯಾರು ಹೊಣೆ ಎಂದು ಕೇಳಿದೆ.

"ಗದ್ದಿ ನಂದೈತಿ, ಹಸಿಯೋ ಹೊಟ್ಟೀನೂ ನಂದ ಐತಿ. ಬೇರಿನ ಬುಡದಾಗ ಕಣ್ಣಿಗೆ ಕಾಣಲಾರದ ಮಂದಿ ಭಾಳ ಇರ್ತಾರ. ಹಿಂಗ ಮುಳುಗಿಸಿ ಇಟ್ರ ಉಸಿರ ಹೆಂಗ ಆಡ್ಯಾರು?" ಎನ್ನುತ್ತ ಗುದ್ದಲಿಯಿಂದ ಒಡ್ಡು ಕಡಿದೇಬಿಟ್ಟಳು.

ಐದನೆಯ ದಿನ ಮಣ್ಣು ಕೂದಲೆಳೆಯಷ್ಟು ಬಿರಿಯಿತು. ಅಕ್ಕಪಕ್ಕದ ಗದ್ದೆಯವರು ನಕ್ಕರು. ನಾನು ಆ ದಾರಿಯನ್ನೇ ತಪ್ಪಿಸಿದೆ. ಡೈರಿಯ ಪುಟಗಳು ಮೊದಲ ಸಲ ಖಾಲಿ ಉಳಿದವು. ಪಾಳಿಯ ದಿನ ನೀರು ಬಂತು. ಮತ್ತೊಂದು ವಾರಕ್ಕೆ ಬುಡದಲ್ಲಿ ಬಿಳಿ ಬೇರು, ಮೇಲೆ ಹಸಿರು.

ತಪಾಸಣೆಗೆ ಬಂದ ಮೇಲಧಿಕಾರಿ, ನೀರು ಬಸಿಯಲು ಹೇಳಿದವರಾರೆಂದು ಮೆಚ್ಚಿಕೆಯಿಂದ ಕೇಳಿದರು. "ನಾನೇ ಸರ್" ಎಂದೆ. ಅವ್ವ ಪಕ್ಕದಲ್ಲೇ ಇದ್ದಳು. ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕಳು. ಅವರು ಹೋದ ಮೇಲೆ ನನಗೆ ಮಜ್ಜಿಗೆ ಕೊಟ್ಟಳು.

"ಮಾರಿ ಯಾಕ ಸಣ್ಣದ ಮಾಡ್ತೀಯೋ ತಮ್ಮಾ? ಮುಂದಿನ ಊರಾಗ ಮಾತ್ರ ಮೂಸಿ ನೋಡು."

ಮುಂದೊಂದು ತರಬೇತಿಯಲ್ಲಿ ಕಾರಣ ತಿಳಿಯಿತು. ನೀರು ಸದಾ ನಿಂತರೆ ಬೇರಿನ ಸುತ್ತ ಗಾಳಿ ಬೇಕಾದ ಸೂಕ್ಷ್ಮಜೀವಿಗಳು ಸೊರಗುತ್ತವೆ. ಗಾಳಿ ಬೇಡದವು ಹೆಚ್ಚಿ, ಬೇರು ಸುಡುವ ಆ ನಾತವನ್ನು ಉಗುಳುತ್ತವೆ. ನೀರು ಬಸಿದರೆ ಮಣ್ಣಿಗೆ ಗಾಳಿ ಹೊಕ್ಕು ಮೊದಲಿನವು ಚೇತರಿಸಿಕೊಳ್ಳುತ್ತವೆ. ಅವ್ವ ಹೇಳಿದ 'ಮಂದಿ' ಇವರೇ.

ಶಿಗ್ಗಾಂವಿ, ಸವಣೂರು ಕಡೆ ವರ್ಷಗಟ್ಟಲೆ ಇದನ್ನೇ ಹೇಳಿಕೊಟ್ಟೆ. ರೈತರು ಅದನ್ನು 'ಸಾಹೇಬರ ಪದ್ಧತಿ' ಎಂದರು. ಕೇಳಲು ಹಿತವಾಗಿತ್ತು, ತಿದ್ದಲಿಲ್ಲ. ಹಿರೇಕೆರೂರಿಗೆ ವರ್ಗವಾದ ಮೇಲೆ, ಚಿಕ್ಕೇರೂರಿನ ಮುದುಕರೊಬ್ಬರು ಅದಕ್ಕಾಗಿ ನನಗೆ ಕೈಮುಗಿದರು. ಆಗ ತಡೆಯಲಾಗಲಿಲ್ಲ. ಆ ಭಾನುವಾರವೇ ಅವ್ವನ ಮುಂದೆ ತಪ್ಪೊಪ್ಪಿಕೊಳ್ಳಲು ಹಾನಗಲ್ಲಿನ ಬಸ್ಸು ಹತ್ತಿದೆ.

ಗದ್ದೆಯಲ್ಲಿ ಅವ್ವನ ಸೊಸೆ ಇದ್ದಳು.

"ಅತ್ತಿ ತೀರಿ ಹೋಗಿ ಮೂರ ತಿಂಗಳಾತ್ರಿ. ನಮ್ಮ ಸಾಹೇಬ್ರು ಊರೂರಾಗ ಗದ್ದಿ ನೀರ ಬಸಿಸಾಕತ್ತಾರ ಅಂತ ಮಂದಿ ಮುಂದ ಹೇಳ್ಕೋತ ತಿರಗ್ತಿದ್ರು."

ಅದು ನನ್ನ ಪದ್ಧತಿಯಲ್ಲ, ಆಕೆಯದು. ಆಕೆ ಪಕ್ಕದಲ್ಲೇ ನಿಂತಿದ್ದಾಗ ಇಷ್ಟನ್ನು ಹೇಳಬಹುದಾಗಿತ್ತು.